ಬಾರದ ಕಾರಿನ ದಾರಿ ಕಾಯುತ್ತ

ಲೋಕದಲ್ಲಿ ಒಬ್ಬೊಬ್ಬನಿಗೆ ಒಂದೊಂದು ಹುಚ್ಚು. ನಮ್ಮ ತರಗತಿಯ ಗೆಳೆಯನೊಬ್ಬನಿಗೆ ಕ್ರಿಕೆಟ್ಟಿನ ಹುಚ್ಚು. ತನ್ನ ಹಾಜರಿಯ ಲೆಕ್ಕ ಮರೆತರೂ ಯಾವ ಆಟಗಾರ ಯಾವ ಊರಿನಲ್ಲಿ ಎಷ್ಟು ರನ್ ಹೊಡೆದನೆಂಬುದನ್ನು ಅವನು ಮರೆಯಲಾರ. ಇನ್ನೊಬ್ಬನಿಗೆ ನಾಟಕದ ಹುಚ್ಚು. ಊರ ಜಾತ್ರೆಯಲ್ಲಿ ಆಡುವ ಕುರುಕ್ಷೇತ್ರದಲ್ಲಿ ದುರ್ಯೋಧನನ ಪಾರ್ಟು ಸಿಕ್ಕುವುದಾದರೆ ಪರೀಕ್ಷೆಯನ್ನಾದರೂ ಬಿಟ್ಟಾನು. ನನ್ನದು ಇವೆರಡಕ್ಕಿಂತಲೂ ವಿಚಿತ್ರವಾದದ್ದು. ನಮ್ಮ ದೇಶದಲ್ಲಿ ಎಂದೂ ಮಾರಾಟಕ್ಕೆ ಬಾರದ, ನಾನು ಕಣ್ಣಾರೆ ಎಂದೂ ಕಾಣದ, ಒಂದು ವೇಳೆ ಬಂದರೂ ಕೊಳ್ಳಲು ನನ್ನಿಂದಾಗದ ಒಂದು ಕಾರು ಮುಂದಿನ ಸಲ ಹೇಗಿರುತ್ತದೆ ಎಂದು ಊಹಿಸುತ್ತ ಕೂರುವುದೇ ನನ್ನ ಹುಚ್ಚು.

ನಮ್ಮ ವಾರ್ಷಿಕ ಸಂಚಿಕೆಯ ವಿದ್ಯಾರ್ಥಿ ಸಂಪಾದಕರು "ಏನಾದರೂ ಬರೆದುಕೊಡು" ಎಂದು ಗಂಟುಬಿದ್ದಾಗ, ಅಂತಿಮ ವರ್ಷದವನೆಂಬ ಗೌರವಕ್ಕೆ ತಕ್ಕಂತೆ ಗ್ರಾಮೀಣ ಅರ್ಥವ್ಯವಸ್ಥೆಯ ಮೇಲೆ ಗಂಭೀರವಾದದ್ದೇನನ್ನಾದರೂ ಬರೆಯೋಣವೆಂದು ಕುಳಿತೆ. ಎರಡು ಪುಟವಾಗುವಷ್ಟರಲ್ಲಿ ನನಗೇ ನಿದ್ದೆ ಬಂತು. ಓದುವವರ ಗತಿಯೇನು? ಆದ್ದರಿಂದ ನನಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ನನ್ನ ಹುಚ್ಚಿನಿಂದ ನಮ್ಮ ಮನೆಗೆ ಆದ ನಷ್ಟವೂ ಇದರಲ್ಲಿ ಬರುತ್ತದೆಯಾದ್ದರಿಂದ ಇದನ್ನು ಬರಿಯ ಹರಟೆಯೆಂದು ಓದುಗರು ಭಾವಿಸಬಾರದಾಗಿ ಪ್ರಾರ್ಥನೆ.

ನಮ್ಮ ಊರು ದೊಡ್ಡಬಳ್ಳಾಪುರದಿಂದ ನಂದಿಬೆಟ್ಟಕ್ಕೆ ಹೋಗುವ ದಾರಿಯ ಮಗ್ಗುಲಲ್ಲಿದೆ. ವಾರದ ಆರು ದಿನ ಆ ದಾರಿಯಲ್ಲಿ ಹಾಲಿನ ವ್ಯಾನು, ಮಗ್ಗಗಳಿಗೆ ನೂಲು ಸಾಗಿಸುವ ಟೆಂಪೋ, ದ್ರಾಕ್ಷಿಯ ಕ್ರೇಟು ಹೊತ್ತ ಗೂಡ್ಸ್ ಆಟೋ ಇಷ್ಟೇ ಸಂಚಾರ. ಭಾನುವಾರ ಬಂತೆಂದರೆ ಕಥೆಯೇ ಬೇರೆ. ಕೋಳಿ ಕೂಗುವ ಮೊದಲೇ ಬೆಂಗಳೂರಿನಿಂದ ಕಾರುಗಳೂ ಮೋಟಾರ್ ಸೈಕಲ್ಲುಗಳೂ ಸಾಲುಗಟ್ಟಿ ಬೆಟ್ಟದ ಕಡೆಗೆ ಧಾವಿಸುತ್ತವೆ. ಎಲ್ಲರೂ ಸೂರ್ಯೋದಯ ನೋಡಲು ಹೊರಟವರು. ನಮ್ಮ ಅಜ್ಜಿ ಒಮ್ಮೆ ಜಗಲಿಯ ಮೇಲೆ ಕುಳಿತು ಈ ಮೆರವಣಿಗೆಯನ್ನು ನೋಡಿ, "ಯಾಕ್ ಮಗಾ, ಬೆಂಗ್ಳೂರಾಗೆ ಸೂರ್ಯ ಹುಟ್ಟಾಕಿಲ್ವಾ?" ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಸೂರ್ಯನ ಚಿಂತೆ ನನಗಿರಲೂ ಇಲ್ಲ. ನಾನು ಕಾಯುತ್ತಿದ್ದದ್ದು ಕಾರುಗಳ ಸದ್ದಿಗೆ. ಕತ್ತಲಲ್ಲಿ ಕಂಬಳಿಯೊಳಗೆ ಮಲಗಿಯೇ, ಸದ್ದು ಕೇಳಿ, ಇದು ಪೋಲೋ, ಇದು ಐ-೨೦, ಇದಕ್ಕೆ ಸೈಲೆನ್ಸರ್ ಬದಲಾಯಿಸಿದ್ದಾರೆ ಎಂದು ಹೇಳಬಲ್ಲವನಾಗಿದ್ದೆ. ಇಷ್ಟು ಗಮನವನ್ನು ಇಂಗ್ಲಿಷ್ ವ್ಯಾಕರಣಕ್ಕೆ ಕೊಟ್ಟಿದ್ದರೆ ನನ್ನ ಅಂಕಪಟ್ಟಿ ಇನ್ನೂ ಸ್ವಲ್ಪ ಶೋಭಿಸುತ್ತಿತ್ತು.

ಊರ ಕ್ರಾಸಿನಲ್ಲಿ ಒಂದು ಗ್ಯಾರೇಜು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೆಲಸ ಕಲಿತು ಬಂದ ಮೇಸ್ತ್ರಿಯೊಬ್ಬರು ಅದನ್ನು ನಡೆಸುತ್ತಾರೆ. ಅದರ ಮುಂದಿನ ಹಳೆಯ ಟೈರುಗಳೇ ನಮ್ಮ ಸಭಾಸನಗಳು. ಸಭೆಗೆ ಸದಸ್ಯರು ಮೂವರು: ನಾನು, ಮನೆಯಲ್ಲಿ ನಾಲ್ಕು ಪವರ್‌ಲೂಮ್ ಇರುವ ನೇಕಾರರ ಮನೆಯ ಹುಡುಗ, ಡೈರಿಗೆ ಹಾಲು ಹಾಕಿ ಬರುವ ಇನ್ನೊಬ್ಬ. ಮೂವರ ಮನೆಯಲ್ಲೂ ಹೊಸ ಕಾರು ಕೊಂಡವರಿಲ್ಲ. ಆದರೆ ನಾವು ಮಾತಿಗೆ ಕೂತರೆ ಜಪಾನಿನ ಕಾರು ಕಂಪೆನಿಯ ನಿರ್ದೇಶಕರೂ ನಮ್ಮ ಮುಂದೆ ಕೈಕಟ್ಟಿ ನಿಲ್ಲಬೇಕಾಗಿತ್ತು!

ವಿಷಯ ತಿಳಿಯದವರಿಗಾಗಿ ಒಂದು ಮಾತು. ಡಿಕ್ಕಿಯ ಪೆಟ್ಟಿಗೆ ಹಿಂದಕ್ಕೆ ಚಾಚಿಕೊಳ್ಳದೆ, ಹಿಂದಿನ ಗಾಜಿನ ಸಮೇತ ಬಾಗಿಲು ಮೇಲಕ್ಕೇಳುವ ಸಣ್ಣ ಕಾರಿಗೆ ಹ್ಯಾಚ್‌ಬ್ಯಾಕ್ ಎಂದು ಹೆಸರು. ಇಂಥ ಸಾಧು ಕಾರಿಗೆ ಬಲವಾದ ಎಂಜಿನ್ನು, ಗಟ್ಟಿಯಾದ ಸಸ್ಪೆನ್ಷನ್ನು, ಒಳ್ಳೆಯ ಬ್ರೇಕು ಕೂರಿಸಿದರೆ ಅದು ಕುರಿಮರಿಗೆ ಟಗರಿನ ಗುದ್ದು ಬಂದಂತಾಗುತ್ತದೆ. ೧೯೭೬ರಲ್ಲಿ ಮಾರುಕಟ್ಟೆಗೆ ಬಂದ ಜರ್ಮನಿಯ ಗಾಲ್ಫ್ ಜಿ.ಟಿ.ಐ. ಈ ಜಾತಿಯಲ್ಲಿ ಹೆಸರಾದದ್ದು. ನಮ್ಮ ಆರಾಧ್ಯದೈವ ಮಾತ್ರ ಜಪಾನಿನದು: ಸುಜುಕಿ ಸ್ವಿಫ್ಟ್ ಸ್ಪೋರ್ಟ್.

ಸ್ವಿಫ್ಟ್ ಯಾರಿಗೆ ಗೊತ್ತಿಲ್ಲ? ೨೦೦೫ರ ಮೇ ತಿಂಗಳಲ್ಲಿ ಅದು ಭಾರತಕ್ಕೆ ಬಂತು. ನಾನೂ ಹುಟ್ಟಿದ್ದು ಅದೇ ವರ್ಷ. ಅಂದಿನಿಂದ ನಮ್ಮ ತಾಲ್ಲೂಕಿನ ಮದುವೆಗಳಲ್ಲಿ ಮದುಮಕ್ಕಳನ್ನು ಹೊತ್ತ ಬಿಳಿ ಸ್ವಿಫ್ಟುಗಳನ್ನು ಲೆಕ್ಕವಿಟ್ಟವರಿಲ್ಲ. ಆದರೆ ಅದೇ ೨೦೦೫ರಲ್ಲಿ ಜಪಾನಿನಲ್ಲಿ ಆ ಪೀಳಿಗೆಯ ಸ್ವಿಫ್ಟ್ ಸ್ಪೋರ್ಟ್ ಕೂಡ ಹೊರಬಂತು, ೧.೬ ಲೀಟರಿನ ಎಂಜಿನ್ನು, ೧೨೫ ಅಶ್ವಶಕ್ತಿ. ೨೦೧೧ರಲ್ಲಿ ಬಂದದ್ದಕ್ಕೆ ೧೩೬. ೨೦೧೭ರಲ್ಲಿ ಎಂಜಿನ್ ೧.೪ ಲೀಟರಿಗೆ ಇಳಿದರೂ ಟರ್ಬೊ ಸೇರಿದ್ದರಿಂದ ಶಕ್ತಿ ೧೪೦ಕ್ಕೆ ಏರಿತು. ಗಾಲಿಯನ್ನು ತಿರುಗಿಸುವ ಬಲ, ಅಂದರೆ ಟಾರ್ಕ್, ೨೩೦ ನ್ಯೂಟನ್-ಮೀಟರು. ಇಷ್ಟಾದರೂ ತೂಕ ಸುಮಾರು ೯೭೦ ಕಿಲೋ ಮಾತ್ರ. ಈ ಅಂಕಿಗಳನ್ನು ನಾವು ಮೂವರೂ ಮಗ್ಗಿಯಂತೆ ಒಪ್ಪಿಸುತ್ತಿದ್ದೆವು. ಅಲ್ಲಿಗೆ ಸ್ಪೋರ್ಟ್, ನಮಗೆ ಸಾದಾ. ಪ್ರತಿಸಲವೂ ಇದೇ ಹಂಚಿಕೆ. "ಮುಂದಿನ ಸಲ ನೋಡು" ಎಂಬುದೇ ನಮ್ಮ ಸಭೆಯ ಧ್ಯೇಯವಾಕ್ಯವಾಗಿತ್ತು.

ಕಾರಿನ ಲೋಕದಲ್ಲಿ "ಮುಂದಿನ ಸಲ" ಎಂಬುದಕ್ಕೆ ಎರಡು ಅರ್ಥವಿದೆ. ಪೂರ್ತಿ ಹೊಸ ಪೀಳಿಗೆ ಬರುವುದು ಒಂದು. ನಡುವೆ ಎರಡು ಮೂರು ವರ್ಷಕ್ಕೆ ದೀಪ, ಜಾಲರಿ, ಬಂಪರು ಬದಲಾಯಿಸಿ ಹೊಸ ಕಳೆ ಕೊಡುವುದು ಇನ್ನೊಂದು. ಇದಕ್ಕೆ ಫೇಸ್‌ಲಿಫ್ಟ್ ಎನ್ನುತ್ತಾರೆ. ನಮ್ಮ ಜಿಲ್ಲೆಗೂ ಮೊನ್ನೆ ಮೊನ್ನೆ ಒಂದು ಫೇಸ್‌ಲಿಫ್ಟ್ ಆಯಿತಷ್ಟೆ. ೨೦೨೫ರ ಜುಲೈ ೨ರಂದು ಸಚಿವ ಸಂಪುಟ ನಂದಿಬೆಟ್ಟದ ಮೇಲೆಯೇ ಸಭೆ ಸೇರಿ, ಬೆಂಗಳೂರು ಗ್ರಾಮಾಂತರಕ್ಕೆ ಬೆಂಗಳೂರು ಉತ್ತರ ಎಂದು ಹೆಸರಿಡಲು ತೀರ್ಮಾನಿಸಿತು. ಹೆಸರು ಕೇಳಿ ಸಂತೋಷವಾಯಿತು. ಬಸ್ಸು ಮಾತ್ರ ಮೊದಲಿನ ಹೊತ್ತಿಗೇ ತಡವಾಗಿ ಬರುತ್ತಿದೆ. ಕಾರಿನಲ್ಲೂ ಹಾಗೆಯೇ. ಮುಖ ಬದಲಾದ ಮಾತ್ರಕ್ಕೆ ಎಂಜಿನ್ ಬದಲಾಗಬೇಕೆಂದೇನೂ ಇಲ್ಲ. ಈ ವ್ಯತ್ಯಾಸವನ್ನು ಮೊದಲೇ ಪತ್ತೆಹಚ್ಚುವುದೇ ನಮ್ಮ ಶಾಸ್ತ್ರ.

ಹೊಸ ಕಾರನ್ನು ಮಾರುಕಟ್ಟೆಗೆ ಬಿಡುವ ಮುಂಚೆ ಅದರ ಮೈತುಂಬ ಕಪ್ಪು-ಬಿಳುಪಿನ ಸುರುಳಿ ಚಿತ್ತಾರದ ಸ್ಟಿಕರ್ ಅಂಟಿಸಿ ರಸ್ತೆಯ ಮೇಲೆ ಓಡಿಸಿ ಪರೀಕ್ಷಿಸುವುದು ವಾಡಿಕೆ. ಅಂತರಪಟದ ಹಿಂದಿನ ಮದುಮಗಳಂತೆ ಅದರ ರೂಪು ಯಾರಿಗೂ ಕಾಣಬಾರದೆಂಬುದು ಉದ್ದೇಶ. ಯಾವನಾದರೂ ದಾರಿಹೋಕ ಒಂದು ಮಸುಕು ಫೋಟೋ ತೆಗೆದನೋ, ಅದು ನಮ್ಮ ಕೈಗೆ ಬಂತೆಂದೇ ಲೆಕ್ಕ. ಮೂರು ತಲೆಗಳು ಒಂದು ಮೊಬೈಲಿನ ಮೇಲೆ ಬಾಗುತ್ತಿದ್ದವು. ಹಿಂದಿನ ಚಕ್ರದಲ್ಲಿ ಡ್ರಮ್ ಬ್ರೇಕೋ ಡಿಸ್ಕ್ ಬ್ರೇಕೋ? ಸೈಲೆನ್ಸರಿನ ಕೊಳವೆ ಒಂದೋ ಎರಡೋ? ಟೈರಿನ ಅಗಲವೆಷ್ಟು? ನೆಲಕ್ಕೂ ಮೈಗೂ ಅಂತರ ಕಡಿಮೆಯಾಗಿದೆಯೋ? ಡಿಸ್ಕ್ ಕಂಡರೆ ಟರ್ಬೊ ಇರಲೇಬೇಕು, ಎರಡು ಕೊಳವೆ ಕಂಡರೆ ಸ್ಪೋರ್ಟೇ ಇರಬೇಕು! ಜೋಯಿಸರು ಜಾತಕ ನೋಡುವಾಗ ಇಷ್ಟು ಧೈರ್ಯದಿಂದ ಮಾತನಾಡುವುದಿಲ್ಲ. ಮೇಸ್ತ್ರಿ ಮಾತ್ರ ಸ್ಪ್ಯಾನರ್ ಒರೆಸಿಕೊಳ್ಳುತ್ತ, "ಅದು ಫೋಟೋದಾಗಿನ ಧೂಳು ಕಣ್ರಪ್ಪಾ, ಕೊಳವೆ ಅಲ್ಲ" ಎನ್ನುತ್ತಿದ್ದರು.

೨೦೧೧ರ ಆಗಸ್ಟ್‌ನಲ್ಲಿ ಎರಡನೆಯ ಪೀಳಿಗೆ ಬಂದಾಗ ನನಗೆ ಆರು ವರ್ಷ; ಆ ನಿರಾಶೆ ನನಗೆ ತಿಳಿಯದು. ೨೦೧೮ರ ಫೆಬ್ರವರಿಯಲ್ಲಿ ಮೂರನೆಯದು ಬಂದಾಗ ತಿಳಿಯಿತು. ೨೦೨೧ರ ಫೆಬ್ರವರಿಯ ಫೇಸ್‌ಲಿಫ್ಟಿನಲ್ಲಿ ೮೩ ಇದ್ದ ಅಶ್ವಶಕ್ತಿ ೯೦ ಆಯಿತು. ನಾವು ಬೋಂಡ ತಿಂದು ಸಂಭ್ರಮಿಸಿದೆವು. ಏರಲು ತೊಡಗಿದ್ದು ಇನ್ನೂ ಏರುತ್ತದೆಂಬ ಭರವಸೆ ನಮಗೆ. ೨೦೨೪ರ ಮೇ ೯ರಂದು ನಾಲ್ಕನೆಯ ಪೀಳಿಗೆ ಬಂತು. ಆರು ಏರ್‌ಬ್ಯಾಗು, ಹೆಚ್ಚು ಮೈಲೇಜು, ಒಳ್ಳೆಯ ರೂಪು ಎಲ್ಲವೂ ಇತ್ತು. ಸಿಲಿಂಡರು ಮಾತ್ರ ನಾಲ್ಕು ಇದ್ದದ್ದು ಮೂರಾಗಿತ್ತು. ಅಶ್ವಶಕ್ತಿ ೯೦ರಿಂದ ೮೨ಕ್ಕೆ ಇಳಿದಿತ್ತು. ಅಂದು ಸಂಜೆ ಟೈರುಗಳ ಮೇಲೆ ಯಾರೂ ಮಾತನಾಡಲಿಲ್ಲ.

ನಮ್ಮ ದೈವ ಯಾಕೆ ಒಲಿಯುವುದಿಲ್ಲ ಎಂಬುದರ ಗುಟ್ಟು ನನಗೆ ತಿಳಿದದ್ದು ಗ್ಯಾರೇಜಿನಲ್ಲಲ್ಲ, ಇದೇ ಕಾಲೇಜಿನ ಅರ್ಥಶಾಸ್ತ್ರದ ತರಗತಿಯಲ್ಲಿ. ಪರೋಕ್ಷ ತೆರಿಗೆಯ ಪಾಠ ನಡೆಯುತ್ತಿತ್ತು. ಊಟದ ನಂತರದ ಗಂಟೆಯಾದ್ದರಿಂದ ತರಗತಿ ತೂಕಡಿಸುತ್ತಿತ್ತು. ಅಧ್ಯಾಪಕರು ಇದ್ದಕ್ಕಿದ್ದಂತೆ, "ನಮ್ಮಲ್ಲಿ ಇಷ್ಟೊಂದು ಕಾರುಗಳ ಉದ್ದ ನಾಲ್ಕು ಮೀಟರಿಗೆ ಐದು ಮಿಲಿಮೀಟರು ಕಡಿಮೆ ಇರುತ್ತದಲ್ಲ, ಯಾಕೆ ಹೇಳಿ?" ಎಂದು ಕೇಳಿದರು. ನಾನು ಬೆಚ್ಚಿ ನೆಟ್ಟಗೆ ಕುಳಿತೆ.

ಅವರು ವಿವರಿಸಿದ್ದು ಹೀಗೆ. ೨೦೦೬ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳ ಮೇಲಿನ ಅಬಕಾರಿ ಸುಂಕವನ್ನು ನೂರಕ್ಕೆ ೨೪ರಿಂದ ೧೬ಕ್ಕೆ ಇಳಿಸಿದರು. ಸಣ್ಣ ಕಾರೆಂದರೆ ಯಾವುದು? ಉದ್ದ ೪,೦೦೦ ಮಿಲಿಮೀಟರು ಮೀರಬಾರದು. ಎಂಜಿನ್ ಪೆಟ್ರೋಲಿನದಾದರೆ ೧,೨೦೦ ಸಿ.ಸಿ., ಡೀಸೆಲಿನದಾದರೆ ೧,೫೦೦ ಸಿ.ಸಿ. ಮೀರಬಾರದು. ಅಂದಿನಿಂದ ಕಾರು ಮಾಡುವವರೆಲ್ಲ ಈ ಗೆರೆಯೊಳಗೆ ಮೈ ಕುಗ್ಗಿಸಿಕೊಳ್ಳತೊಡಗಿದರು. ಸ್ವಿಫ್ಟಿಗೆ ಡಿಕ್ಕಿ ಜೋಡಿಸಿ ೨೦೦೮ರಲ್ಲಿ ಹೊರತಂದ ಡಿಸೈರ್ ೪,೧೬೦ ಮಿಲಿಮೀಟರು ಉದ್ದವಿತ್ತು. ೨೦೧೨ರಲ್ಲಿ ಬಂದ ಹೊಸ ಡಿಸೈರಿನ ಉದ್ದ ೩,೯೯೫!

ನಮ್ಮ ತಂದೆ ಓಡಿಸುವ ಟ್ಯಾಕ್ಸಿ ಆ ಎರಡನೆಯ ಬಗೆಯ ಡಿಸೈರ್. ಅದರ ಡಿಕ್ಕಿ ಯಾರೋ ಗರಗಸ ಹಿಡಿದು ಕೊಯ್ದಂತೆ ಮೋಟಾಗಿರುವುದನ್ನು ಕಂಡು ನಾನು ಚಿಕ್ಕಂದಿನಿಂದ ನಗುತ್ತಿದ್ದೆ. ನಮ್ಮ ಮನೆಯ ಕಾರಿನ ಬಾಲ ಕತ್ತರಿಸಿದ್ದು ದೆಹಲಿಯ ಬಜೆಟ್ಟು ಎಂಬುದು ಅಂದು ಗೊತ್ತಾಯಿತು. ಸ್ವಿಫ್ಟ್ ಸ್ಪೋರ್ಟಿನ ಉದ್ದ ಗೆರೆಯೊಳಗಿದ್ದರೂ ಅದರ ೧.೪ ಲೀಟರಿನ ಎಂಜಿನ್ ಗೆರೆಯ ಆಚೆಗಿದೆ. ೨೦೨೫ರ ಸೆಪ್ಟೆಂಬರ್ ೨೨ರಿಂದ ಗೆರೆಯೊಳಗಿನ ಕಾರುಗಳಿಗೆ ಜಿ.ಎಸ್.ಟಿ. ನೂರಕ್ಕೆ ೧೮ ಆಯಿತು. ಗೆರೆ ದಾಟಿದವಕ್ಕೆ ೪೦. ಎರಡು ನೂರು ಸಿ.ಸಿ.ಯ ತಪ್ಪಿಗೆ ಎಷ್ಟು ದಂಡ, ನೋಡಿ!

ಹಾಗಾದರೆ ಒಂದು ಲೀಟರಿನ ಟರ್ಬೊ ಎಂಜಿನ್ ಹಾಕಿದರೆ ಗೆರೆಯೊಳಗೇ ಉಳಿಯುತ್ತದಲ್ಲವೆ ಎಂದು ನಾನು ಎದ್ದುನಿಂತು ಕೇಳಿದೆ. ತರಗತಿ ನಕ್ಕಿತು, ಅಧ್ಯಾಪಕರು ನಗಲಿಲ್ಲ. "ಹಾಗೆ ಯಾರಾದರೂ ಮಾಡಿದ್ದಾರೆಯೆ?" ಎಂದರು. ಮಾಡಿದ್ದರು. ೨೦೧೭ರ ಮಾರ್ಚ್‌ನಲ್ಲಿ ಬಂದ ಬಲೆನೊ ಆರ್.ಎಸ್. ಅಂಥದೇ: ೯೯೮ ಸಿ.ಸಿ., ೧೦೨ ಅಶ್ವಶಕ್ತಿ. ಮೂರು ವರ್ಷಕ್ಕೆ, ೨೦೨೦ರ ಮೊದಲಿಗೆ, ಅದು ಅಂಗಡಿಯಿಂದ ಮರೆಯಾಯಿತು. "ಅಂದರೆ ಬಾಗಿಲು ತೆರೆದಿತ್ತು, ಒಳಗೆ ಬಂದವರು ಕಡಿಮೆ. ತಯಾರಿಸುವವನು ಹುಡುಗರ ಚಪ್ಪಾಳೆಯನ್ನು ನೋಡುವುದಿಲ್ಲ, ಬುಕಿಂಗ್ ಪುಸ್ತಕವನ್ನು ನೋಡುತ್ತಾನೆ" ಎಂದರು ಅಧ್ಯಾಪಕರು. ಐದು ವರ್ಷ ಟೈರಿನ ಮೇಲೆ ಕುಳಿತು ತಿಳಿಯದ್ದು ಐದು ನಿಮಿಷದಲ್ಲಿ ತಿಳಿಯಿತು. ಆದರೆ ಆ ತಿಳಿವು ನನಗೆ ಒಂದು ವರ್ಷ ತಡವಾಗಿ ಬಂತು. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಈಗ ಅದನ್ನು ಹೇಳಬೇಕು.

ನಮ್ಮ ತಂದೆ ನಾಲ್ಕನೆಯ ತರಗತಿಯವರೆಗೆ ಓದಿದವರು. ಒಂದೂವರೆ ಎಕರೆಯ ಹಿಪ್ಪುನೇರಳೆ ತೋಟ ಬೋರ್‌ವೆಲ್ ಬತ್ತಿದಾಗ ಒಣಗಿತು. ಆಮೇಲೆ ದೇವನಹಳ್ಳಿಯ ವಿಮಾನ ನಿಲ್ದಾಣದ ಕಡೆ ಬೇರೆಯವರ ಗಾಡಿಗೆ ಡ್ರೈವರಾಗಿ ಸೇರಿದರು. ೨೦೧೯ರಲ್ಲಿ ೨೦೧೪ರ ಮಾಡೆಲ್ಲಿನ ಈ ಡೀಸೆಲ್ ಡಿಸೈರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡರು. ನಮ್ಮ ಮನೆಯ ಉಪ್ಪು, ಬೆಲ್ಲ, ಅಕ್ಕನ ಮದುವೆ, ನನ್ನ ಕಾಲೇಜಿನ ಫೀಜು ಎಲ್ಲ ಅದರ ಚಕ್ರದ ಮೇಲೆಯೇ ನಡೆದದ್ದು.

೨೦೨೪ರ ಜೂನ್‌ನಲ್ಲಿ ಅಮ್ಮ ಕಟ್ಟುತ್ತಿದ್ದ ಚೀಟಿ ಬಂತು. ಒಂದು ಲಕ್ಷ ಅರವತ್ತು ಸಾವಿರ. ಅದನ್ನು ಮುಂಗಡ ಕೊಟ್ಟು ಹೊಸ ಟ್ಯಾಕ್ಸಿ ಕೊಳ್ಳಲು ತಂದೆ ಮನಸ್ಸು ಮಾಡಿದರು. ಗಾಡಿ ಸಿದ್ಧವಿತ್ತು, ಸಾಲ ಕೊಡುವವರೂ ಸಿದ್ಧವಿದ್ದರು. ರಾತ್ರಿ ಊಟಕ್ಕೆ ಕುಳಿತಾಗ ನನ್ನನ್ನು ಕೇಳಿದರು: "ಏನಪ್ಪಾ, ಕೊಂಡ್ಕಳಾನಾ?"

ನನ್ನ ಜೀವನದಲ್ಲಿ ಮೊದಲ ಸಲ ನನ್ನ ಶಾಸ್ತ್ರಕ್ಕೆ ಬೆಲೆ ಬಂದಿತ್ತು. ನಾನು ಅನ್ನ ಕಲಸುವುದನ್ನು ಬಿಟ್ಟು ಉಪನ್ಯಾಸ ಮಾಡಿದೆ. ಹೊಸ ಸ್ವಿಫ್ಟ್ ಮೇನಲ್ಲಿ ಬಂದಿದೆ, ಆದ್ದರಿಂದ ಹೊಸ ಡಿಸೈರ್ ದೀಪಾವಳಿಗೆ ಬರಲೇಬೇಕು, ಮೈಲೇಜು ಹೆಚ್ಚು, ಈಗ ಹಳೆಯ ಮಾಡೆಲ್ ಕೊಂಡರೆ ಮೋಸಹೋದಂತೆ. "ಸುಮ್ನೆ ನಾಲ್ಕು ತಿಂಗಳು ತಡಿ ಅಪ್ಪಾ" ಎಂದೆ. ತಂದೆ "ಸರಿ" ಎಂದರು. ಅಮ್ಮ ಚೀಟಿಯ ಹಣವನ್ನು ಮತ್ತೆ ಟ್ರಂಕಿನಲ್ಲಿಟ್ಟಳು.

ಆಗಸ್ಟ್‌ನಲ್ಲಿ ಹಳೆಯ ಗಾಡಿಗೆ ಎಂಜಿನ್ ಆಯಿಲ್ ಬದಲಾಯಿಸುವ ಕಾಲ ಬಂತು. ತಂದೆ ಗ್ಯಾರೇಜಿಗೆ ಹೊರಟಿದ್ದರು. ನಾನು, "ಹೆಂಗೂ ಮಾರೋ ಗಾಡಿ, ಈಗ್ಯಾಕೆ ನಾಲ್ಕು ಸಾವಿರ ಸುರೀತೀಯ?" ಎಂದೆ. ಅದಕ್ಕೂ ಅವರು "ಸರಿ" ಎಂದರು.

ಅಕ್ಟೋಬರ್‌ನಲ್ಲಿ, ಆಯುಧಪೂಜೆಗೆ ಇನ್ನು ನಾಲ್ಕು ದಿನವಿದೆ ಎನ್ನುವಾಗ, ರಾತ್ರಿ ಹನ್ನೊಂದರ ಸುಮಾರಿಗೆ ವಿಮಾನಕ್ಕೆ ಹೊರಟಿದ್ದ ಪ್ರಯಾಣಿಕರನ್ನು ಕೂರಿಸಿಕೊಂಡು ಬಳ್ಳಾರಿ ರಸ್ತೆಯಲ್ಲಿ ಹೋಗುತ್ತಿದ್ದಾಗ ಗಾಡಿ ನೀಲಿ ಹೊಗೆ ಉಗುಳಿ, ಎಳೆತ ಕಳೆದುಕೊಂಡು, ಪಕ್ಕಕ್ಕೆ ನಿಂತುಬಿಟ್ಟಿತು. ತಂದೆ ಪ್ರಯಾಣಿಕರ ಪೆಟ್ಟಿಗೆಗಳನ್ನು ತಾವೇ ಹೊತ್ತು ಇನ್ನೊಂದು ಗಾಡಿಗೆ ಏರಿಸಿ, ಬಾಡಿಗೆ ಬೇಡವೆಂದು ಕೈಮುಗಿದು, ಬೆಳಗಿನವರೆಗೆ ರಸ್ತೆಯಲ್ಲೇ ಕುಳಿತಿದ್ದರಂತೆ.

ಮರುದಿನ ಗ್ಯಾರೇಜಿನಲ್ಲಿ ಮೇಸ್ತ್ರಿ ಬಾನೆಟ್ ಎತ್ತಿ, ಅರ್ಧ ದಿನ ಬಿಚ್ಚಿ, ಅಂಗೈಯಗಲದ ಬಸವನಹುಳುವಿನಂಥ ಒಂದು ವಸ್ತುವನ್ನು ಹೊರತೆಗೆದರು. ಅದರ ನಡುವಿನ ಸಣ್ಣ ಚಕ್ರವನ್ನು ಬೆರಳಿನಿಂದ ಅಲುಗಿಸಿದರೆ ಸಡಿಲವಾದ ಹಲ್ಲಿನಂತೆ ಆಡುತ್ತಿತ್ತು. "ಏನ್ ಗೊತ್ತಾ ಇದು?" ಎಂದು ನನ್ನನ್ನು ಕೇಳಿದರು. ನನಗೆ ಗೊತ್ತಾಗಲಿಲ್ಲ.

"ಟರ್ಬೊ" ಎಂದರು ಮೇಸ್ತ್ರಿ.

ಐದು ವರ್ಷದಿಂದ ಟರ್ಬೊ ಟರ್ಬೊ ಎಂದು ಜಪಿಸಿದವನಿಗೆ, ಕಣ್ಣೆದುರಿಗೆ ಇಟ್ಟಾಗ ಅದರ ಗುರುತು ಸಿಗಲಿಲ್ಲ. ಅಷ್ಟೇ ಅಲ್ಲ. ನಮ್ಮ ಅಂಗಳದಲ್ಲೇ ನಿಲ್ಲುತ್ತಿದ್ದ ಈ ಬಾಲ ಮೊಟಕಾದ ಟ್ಯಾಕ್ಸಿಯ ೧,೨೪೮ ಸಿ.ಸಿ. ಡೀಸೆಲ್ ಎಂಜಿನ್ನಿಗೆ ಟರ್ಬೊ ಇತ್ತು. ಅದರ ಟಾರ್ಕ್ ೧೯೦ ನ್ಯೂಟನ್-ಮೀಟರು! ನಾವು ಆಸೆಗಣ್ಣಿನಿಂದ ಕಾದಿದ್ದ ಹೊಸ ಪೆಟ್ರೋಲ್ ಸ್ವಿಫ್ಟಿನದು ೧೧೨. ಇಟಲಿಯ ಫಿಯಟ್ ಕಂಪೆನಿಯ ಮೂಲದ ಈ ಎಂಜಿನ್ನು ೨೦೦೭ರಿಂದ ೨೦೨೦ರವರೆಗೆ ನಮ್ಮ ಸ್ವಿಫ್ಟಿನಲ್ಲೂ ಇತ್ತು. ನಾನು ಕಾಯುತ್ತಿದ್ದ ದೈವ ಬೇರೆ ವೇಷದಲ್ಲಿ ಮನೆಯ ಬಾಗಿಲಲ್ಲೇ ಇದ್ದು ದಿನವೂ ನಮಗೆ ಅನ್ನ ಹಾಕುತ್ತಿತ್ತು.

ಮೇಸ್ತ್ರಿ ಎಂಜಿನ್ನಿನೊಳಗಿನಿಂದ ಒಂದು ಬೆರಳು ಆಯಿಲ್ ತೆಗೆದು ತೋರಿಸಿದರು. ಡಾಂಬರಿನಂತಿತ್ತು. ಟರ್ಬೊದ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗಿಂತಲೂ ವೇಗವಾಗಿ ತಿರುಗುತ್ತದೆ. ಅದನ್ನು ಹಿಡಿದಿರುವ ಬೇರಿಂಗು ನಿಂತಿರುವುದು ಎಣ್ಣೆಯ ತೆಳುವಾದ ಪದರದ ಮೇಲೆ. ಎಣ್ಣೆ ಕೆಟ್ಟರೆ ಕಬ್ಬಿಣ ಕಬ್ಬಿಣವನ್ನೇ ತಿನ್ನುತ್ತದೆ. "ಆಯಿಲೇ ಇದ್ಕೆ ಊಟ. ಊಟ ಆಕ್ದಂಗೆ ಗೇಯ್ಸಿದೀರಿ. ಯಾಕಣ್ಣಾ ಆಯಿಲ್ ಬದ್ಲಾಯಿಸ್ಲಿಲ್ಲ?" ಎಂದು ಅವರು ತಂದೆಯನ್ನು ಕೇಳಿದರು.

ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಇಬ್ಬರು ಗೆಳೆಯರೂ ಟೈರುಗಳ ಮೇಲೆ ಕುಳಿತಿದ್ದರು. ತಂದೆ ನನ್ನ ಕಡೆ ತಿರುಗಲಿಲ್ಲ.

"ಮರ್ತೋಯ್ತು ಮೇಸ್ತ್ರಿ" ಎಂದರು.

ಆಯುಧಪೂಜೆಯ ದಿನ ಊರ ಗಾಡಿಗಳೆಲ್ಲ ಬಾಳೆಕಂದು, ಚೆಂಡುಹೂವು ಕಟ್ಟಿಕೊಂಡು, ಚಕ್ರದ ಕೆಳಗೆ ನಿಂಬೆಹಣ್ಣು ಜಜ್ಜಿ, ಕುಂಬಳಕಾಯಿ ಒಡೆಸಿಕೊಂಡು ಮೆರವಣಿಗೆ ಹೊರಟವು. ನಮ್ಮದು ಜ್ಯಾಕಿನ ಮೇಲೆ ಬಾಯಿ ತೆರೆದು ನಿಂತಿತ್ತು. ಅಮ್ಮ ಗ್ಯಾರೇಜಿಗೇ ತಟ್ಟೆ ತಂದು, ತೆರೆದ ಬಾನೆಟ್ಟಿಗೆ ಅರಿಶಿನ ಕುಂಕುಮ ಇಟ್ಟು, ಕರ್ಪೂರ ಹಚ್ಚಿದಳು. ಟರ್ಬೊ ರಿಪೇರಿ, ಕೂಲಿ ಸೇರಿ ಮೂವತ್ತೆಂಟು ಸಾವಿರ. ಗಾಡಿ ನಿಂತದ್ದು ಇಪ್ಪತ್ತೆರಡು ದಿನ. ಅದೂ ಹಬ್ಬದ ಕಾಲದ ದಿನಗಳು. ಟ್ರಂಕಿನಲ್ಲಿದ್ದ ಚೀಟಿಯ ಹಣ ಅರ್ಧಕ್ಕೆ ಇಳಿಯಿತು.

ಹೊಸ ಡಿಸೈರ್ ದೀಪಾವಳಿಗೆ ಬರಲಿಲ್ಲ. ಹಬ್ಬ ಕಳೆದ ಮೇಲೆ ನವೆಂಬರ್ ೧೧ರಂದು ಬಂತು. ನನ್ನ ಊಹೆ ಬಹುಮಟ್ಟಿಗೆ ನಿಜವಾಯಿತೆಂದು ಬೇರೆ ಸಮಯದಲ್ಲಾದರೆ ಎದೆಯುಬ್ಬಿಸುತ್ತಿದ್ದೆನೇನೋ. ಆದರೆ ಟ್ಯಾಕ್ಸಿಗೆಂದೇ ಮಾಡುವ ಮಾದರಿಗೆ ಆ ಹೊಸ ರೂಪು ಬಂದದ್ದು ಮರುವರ್ಷ, ೨೦೨೫ರಲ್ಲಿ. ಇಂಥದೊಂದು ಸಾಧ್ಯತೆ ನನ್ನ ಜಾತಕದಲ್ಲಿ ಇರಲೇ ಇಲ್ಲ. ಮೊಬೈಲಿನಲ್ಲಿ ಹೊಸ ಕಾರಿನ ಚಿತ್ರ ತೋರಿಸಿದೆ. ತಂದೆ ಕೈಯೊರೆಸಿಕೊಂಡು ನೋಡಿ, "ಚೆನ್ನಾಗೈತೆ ಕಣಪ್ಪಾ" ಎಂದು ಮೊಬೈಲು ಹಿಂದಕ್ಕೆ ಕೊಟ್ಟರು. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಬಹಳ ದಿನ ನಾನು ಬಾಯಿ ಬಿಡಲಿಲ್ಲ. ಕಳೆದ ಬೇಸಗೆಯಲ್ಲಿ 'ಎಲ್' ಬೋರ್ಡು ಹಾಕಿ ಸಂಬಂಧಿಕರೊಬ್ಬರ ಹಳೆಯ ಡೀಸೆಲ್ ಸ್ವಿಫ್ಟಿನಲ್ಲಿ ತಂದೆ ನನಗೆ ಡ್ರೈವಿಂಗ್ ಕಲಿಸುತ್ತಿದ್ದರು. ಬೆಟ್ಟದ ಬುಡದ ಏರಿನಲ್ಲಿ ನಾನು ಆಕ್ಸಿಲರೇಟರ್ ಒತ್ತಿದೆ. ಗಾಡಿ ಮುಂದಕ್ಕೆ ಬರಲೊಲ್ಲದು. ಇನ್ನಷ್ಟು ಒತ್ತಲು ಹೋದೆ. "ತಡಿ, ತುಳೀಬ್ಯಾಡ. ಅದಕ್ಕೆ ಒಂಚೂರು ಉಸ್ರು ತಕ್ಕಳಾಕೆ ಬಿಡು. ಆಮ್ಯಾಕೆ ಅದೇ ಎಳೀತೈತೆ" ಎಂದರು. ಅವರ ಮಾತು ಮುಗಿಯುವಷ್ಟರಲ್ಲಿ ಬೆನ್ನಿಗೆ ಯಾರೋ ಕೈಯಿಟ್ಟು ದೂಡಿದಂತೆ ಗಾಡಿ ಏರನ್ನು ನುಂಗಿಕೊಂಡು ಹೋಯಿತು. ಪುಸ್ತಕದವರು ಟರ್ಬೊ ಲ್ಯಾಗ್ ಎಂದು ಚಿತ್ರ ಬರೆದು ವಿವರಿಸುವುದನ್ನು ನಾಲ್ಕನೆಯ ತರಗತಿಯ ಮನುಷ್ಯ ತನ್ನ ಕಾಲಿನಿಂದ ತಿಳಿದಿದ್ದ.

ಏರು ಮುಗಿದ ಮೇಲೆ ಗಾಡಿ ನಿಲ್ಲಿಸಿ ನಾನು ಹೇಳಿದೆ: "ಅಪ್ಪಾ, ಆವತ್ತು ಆಯಿಲ್ ಬ್ಯಾಡ ಅಂದಿದ್ದು ನಾನು."

"ಗೊತ್ತಲ್ಲ" ಎಂದರು.

"ಮೇಸ್ತ್ರಿ ಮುಂದೆ ಯಾಕೆ ಮರ್ತೋಯ್ತು ಅಂದೆ?"

ತಂದೆ ಕಿಟಕಿಯ ಆಚೆ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಂಗೆ ಮನ್ಸಲ್ಲಿ ಬ್ಯಾಡ ಅಂತ್ಲೇ ಇತ್ತು ಕಣಪ್ಪಾ. ಆಯಿಲ್ ಇಲ್ದೆ ಗಾಡಿ ಓಡಿಸ್ಬಾರ್ದು ಅಂತ ಇಪ್ಪತ್ ವರ್ಷದಿಂದ ಗೊತ್ತು. ಆದ್ರೆ ಓದ್ದೋನು ಹೇಳ್ತಾವ್ನೆ, ಅವನಿಗೆ ತಿಳಿದಿರ್ತೈತೆ ಅಂತ ಸುಮ್ಕಾದೆ."

ಇದುವರೆಗೆ ನಾನು ಓದಿದ ಯಾವ ಪಾಠವೂ ನನ್ನನ್ನು ಇಷ್ಟು ನಾಚಿಸಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಈ ಕಾಲೇಜಿನಲ್ಲಿ ನನ್ನಂಥವರು ಬಹಳ ಮಂದಿ ಇದ್ದೀರಿ. ನಾನು ಹೇಳುವುದು ನಿಮಗೆ ಅರ್ಥವಾದೀತು. ಬ್ಯಾಂಕಿನ ಕಾಗದ ಬಂದರೆ ನಮ್ಮನ್ನು ಕರೆಯುತ್ತಾರೆ. ಆಸ್ಪತ್ರೆಯ ಚೀಟಿ, ಪಹಣಿಯ ಅರ್ಜಿ, ತಂಗಿಗೆ ಯಾವ ಕೋರ್ಸು ಎಂಬ ಪ್ರಶ್ನೆ ಎಲ್ಲವೂ ನಮ್ಮ ಮುಂದೆ ಬರುತ್ತದೆ. ಮನೆಯವರು ಇಪ್ಪತ್ತು ವರ್ಷ ದುಡಿದು ಕಲಿತದ್ದನ್ನು ನಮ್ಮ ಒಂದು ಮಾತಿಗೆ ಬದಿಗಿಡುತ್ತಾರೆ. ನಾವು ಟೈರಿನ ಮೇಲೆ ಕುಳಿತು ಆಡುವ ಮಾತನ್ನೇ ಊಟದ ಎಲೆಯ ಮುಂದೆ ಆಡಿದರೂ ಅವರಿಗೆ ಅದು ವಿದ್ಯೆಯಂತೆ ಕೇಳಿಸುತ್ತದೆ. ಊಹೆ ಮಾಡುವುದು ತಪ್ಪೆಂದು ನಾನು ಹೇಳುವುದಿಲ್ಲ. ಊಹೆಯನ್ನು ತಿಳಿವಳಿಕೆಯ ದನಿಯಲ್ಲಿ ಹೇಳಿದೆನಲ್ಲ, ಅದು ತಪ್ಪು.

ಈಗಲೂ ನಮ್ಮ ಸಭೆ ಸೇರುತ್ತದೆ. ನೇಕಾರರ ಹುಡುಗ ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದಕ್ಕೆ ಸೇರಿರುವುದರಿಂದ ಭಾನುವಾರ ಮಾತ್ರ. ಮಾತನಾಡಲು ವಿಷಯಕ್ಕೇನೂ ಬರವಿಲ್ಲ. ೧.೪ ಲೀಟರಿನ ಸ್ವಿಫ್ಟ್ ಸ್ಪೋರ್ಟಿಗೆ ಜಪಾನಿನಲ್ಲಿ ೨೦೨೫ರಲ್ಲಿ 'ಫೈನಲ್ ಎಡಿಷನ್' ಎಂಬ ಹೆಸರಿನಲ್ಲಿ ಮಂಗಳ ಹಾಡಿದರು. ಮುಂದಿನದು ವಿದ್ಯುತ್ತಿನ ನೆರವಿರುವ ಹೈಬ್ರಿಡ್ ಎಂದು ಒಬ್ಬ, ಮೂರು ಸಿಲಿಂಡರಿಗೆ ಟರ್ಬೊ ಎಂದು ಇನ್ನೊಬ್ಬ. ಆದರೆ ಈಗ ಸಭೆಗೆ ಒಂದು ನಿಯಮವಿದೆ. ಯಾರೇ ಮಾತೆತ್ತಲಿ, ಇದು ನನಗೆ ತಿಳಿದದ್ದು, ಇದು ಕೇಳಿದ್ದು, ಇದು ಬಯಸಿದ್ದು ಎಂದು ಮೊದಲೇ ಹೇಳಿಬಿಡಬೇಕು. ಹೈಬ್ರಿಡ್ಡೂ ಟರ್ಬೊವೂ ಕೇಳಿದ್ದು. ನಮ್ಮೂರ ದಾರಿಯಲ್ಲಿ ಅದು ಒಂದು ದಿನ ಹಾದುಹೋಗುವುದು ಬಯಸಿದ್ದು. ತಿಳಿದದ್ದು ಎಂಬ ಪಟ್ಟಿ ಸದ್ಯಕ್ಕೆ ಖಾಲಿ. ಹೀಗೆ ಬೇರೆ ಬೇರೆ ಇಟ್ಟ ಮೇಲೆ ಊಹೆಯ ರುಚಿ ಕಡಿಮೆಯಾಗಲಿಲ್ಲ. ನಿಜ ಹೇಳಬೇಕೆಂದರೆ ಹೆಚ್ಚೇ ಆಯಿತು.

ತೆರಿಗೆ ಇಳಿದ ಮೇಲೆ ತಂದೆ ಮತ್ತೆ ಕೇಳಿದರು: "ಏನಪ್ಪಾ, ಈಗ ಕೊಂಡ್ಕಳಾನಾ, ಇನ್ನೂ ತಡಿಯಾನಾ?" ಅವರು ಮತ್ತೆ ನನ್ನನ್ನೇ ಕೇಳಿದರೆಂಬುದನ್ನು ನಾನು ಎಂದಿಗೂ ಮರೆಯಲಾರೆ. ಈ ಸಲ ಉಪನ್ಯಾಸ ಮಾಡಲಿಲ್ಲ. ನೋಟ್ ಪುಸ್ತಕದ ಹಾಳೆಯಲ್ಲಿ ಎರಡು ಗೆರೆ ಎಳೆದು ಮೂರು ಪಟ್ಟಿ ಮಾಡಿ, ಬೆಲೆ, ತೆರಿಗೆ, ತಿಂಗಳ ಕಂತು ಎಲ್ಲವನ್ನೂ ಆಯಾ ಮನೆಯಲ್ಲಿ ಬರೆದು ಓದಿ ಹೇಳಿದೆ. ಕೊನೆಗೆ, "ಗಾಡಿ ಇನ್ನೆಷ್ಟು ದಿನ ಓಡ್ತದೆ ಅನ್ನೋದು ನಂಗೆ ಗೊತ್ತಿಲ್ಲ ಅಪ್ಪಾ, ಅದು ನಿಂಗೇ ಗೊತ್ತಿರೋದು" ಎಂದೆ. ತಂದೆ ಬಹಳ ಹೊತ್ತು ಆ ಹಾಳೆಯನ್ನು ನೋಡಿ ಮಡಿಸಿ ಜೇಬಿಗಿಟ್ಟುಕೊಂಡರು. "ಇನ್ನೊಂದ್ ವರ್ಷ ಓಡ್ತೈತೆ. ನೀನು ಮುಂದ್ಕೆ ಓದೋದು ಮೊದ್ಲು ಆಗ್ಲಿ" ಎಂದರು.

ನಮ್ಮ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಈಗ ಹಾಲಿನ ಲೆಕ್ಕದ ಪಕ್ಕದಲ್ಲಿ ನನ್ನ ಕೈಬರಹದ ಇನ್ನೊಂದು ಲೆಕ್ಕವಿದೆ. ಕಳೆದ ಸಲ ಆಯಿಲ್ ಬದಲಾಯಿಸಿದ್ದು ೨,೬೧,೦೦೦ ಕಿಲೋಮೀಟರಿಗೆ. ಮುಂದಿನದು ೨,೭೧,೦೦೦ಕ್ಕೆ. ಇದು ಮೊದಲನೆಯ ಪಟ್ಟಿಗೆ ಸೇರಿದ್ದು.